ಲಂಗದ ಅಳತೆ

ಕಳೆದ ನವರಾತ್ರಿಗೆಂದು ಮೊಮ್ಮಗಳಿಗೆ ತಂದ ಬಟ್ಟೆಗೆ ನಾವೇ ಕತ್ತರಿಯಿಟ್ಟೆವು. ಛತ್ರಿಯಂತೆ ಹರಡುವ ಲಂಗ ಆಕೆಯ ಬಯಕೆ. ಅದು ವೃತ್ತದ ಲೆಕ್ಕವಷ್ಟೇ. ಸೊಂಟದ ಸುತ್ತಳತೆಯೇ ಪರಿಧಿ. 1150ರಲ್ಲಿ ರಚಿತವಾದ 'ಲೀಲಾವತಿ'ಯಲ್ಲಿ ಭಾಸ್ಕರಾಚಾರ್ಯರು ವ್ಯವಹಾರಕ್ಕೆ ಸಾಕೆಂದ ಪ್ರಮಾಣದಂತೆ ಪರಿಧಿ 22 ಆದರೆ ವ್ಯಾಸ 7. ಹುಡುಗಿಯ ಸೊಂಟವೂ ಸರಿಯಾಗಿ 22 ಅಂಗುಲ! ಹಿಗ್ಗಿನಿಂದ ಬಟ್ಟೆಯನ್ನು ನಾಲ್ಕಾಗಿ ಮಡಿಸಿ, ಮಡಿಕೆಯ ಮೂಲೆಯಿಂದ 7 ಅಂಗುಲಕ್ಕೆ ಗೆರೆಯೆಳೆದು ಕತ್ತರಿಸಿದೆವು. ಮೂಲೆಯಿಂದ ಅಳೆಯತಕ್ಕದ್ದು ವ್ಯಾಸವಲ್ಲ, ಅದರ ಅರ್ಧ. ಲಂಗದ ಬಾಯಿ 44 ಅಂಗುಲವಾಯಿತು. ಹುಡುಗಿ ಅಳಲಿಲ್ಲ, ಅದೇ ನಮಗೆ ಹೆಚ್ಚು ನೋವಾದುದು.

"ಮೊದಲು ಹಳೆಯ ಪತ್ರಿಕೆಯ ಮೇಲೆ ಕತ್ತರಿಸಿ ನೋಡಬಾರದಿತ್ತೇ?" ಎಂದಳು ಮನೆಯಾಕೆ. ಬಾಯಿಯನ್ನು ನೆರಿಗೆ ಹಿಡಿದು 22ಕ್ಕೆ ತಂದು, ಮೂರೂವರೆ ಅಂಗುಲ ಕುಗ್ಗಿದ ಉದ್ದಕ್ಕೆ ಹಳೆಯ ಸೀರೆಯ ಅಂಚಿನಿಂದ ಅಗಲವಾದ ಪಟ್ಟಿ ಹೊಲಿದಳು.

ಮನೆಯಲ್ಲಿ ಹೊಲಿಯುವವರಿಗೆ ಕ್ರಮವಿದು. 45 ಅಂಗುಲದ ಚೌಕ ಬಟ್ಟೆ ಬೇಕು. ಹತ್ತಿಯದಾದರೆ ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಸೊಂಟದ ಗೆರೆ ಮೂಲೆಯಿಂದ 3½ ಅಂಗುಲಕ್ಕೆ ಬರಬೇಕು. ಕತ್ತರಿಸತಕ್ಕದ್ದು ಮಾತ್ರ 3ಕ್ಕೆ, ಉಳಿದರ್ಧ ಹೊಲಿಗೆಗೆ. ಕೆಳಗಿನ ಗೆರೆ 22½ಕ್ಕೆ. ಅಂಚನ್ನು ಅರ್ಧರ್ಧ ಅಂಗುಲ ಎರಡು ಬಾರಿ ಮಡಿಸಿದರೆ 18 ಅಂಗುಲ ಉದ್ದ ನಿಲ್ಲುವುದು. ಒಂದು ಮಡಿಕೆಯನ್ನು ಸೊಂಟದಿಂದ ನಾಲ್ಕಂಗುಲ ಸೀಳಿ ಕೊಕ್ಕೆಯಿಡಬೇಕು. ಅಂಚು ಮಡಿಸುವುದಕ್ಕೆ ಮುಂಚೆ ಲಂಗವನ್ನು ಒಂದು ರಾತ್ರಿ ತೂಗುಹಾಕುವುದನ್ನು ಮರೆಯಕೂಡದು. ಎಳೆಗಳು ಓರೆಯಾಗಿರುವ ಕಡೆ ಬಟ್ಟೆ ಜೋಲುತ್ತದೆ. ಜೋತಷ್ಟನ್ನು ಸಮಮಾಡಿ ಕತ್ತರಿಸಬೇಕು.

ಈ ವರ್ಷ ಹೊಸ ಬಟ್ಟೆ ತಂದಾಗ ಮೊಮ್ಮಗಳು ಮೊದಲು ನಮ್ಮ ಕೈಗಿತ್ತುದು ಹಳೆಯ ಪತ್ರಿಕೆಯನ್ನು.