ಆತುರದ ಮಾತುಗಳು

ಇಂಗ್ಲಿಷಿನಿಂದ ಕನ್ನಡಕ್ಕೆ ಭಾಷಾಂತರ ಮಾಡುವವರ ಕೈಗೆ ‘ದುಡುಕು’ ಎಂಬ ಮಾತು ಬಹು ಸುಲಭವಾಗಿ ಸಿಕ್ಕುತ್ತದೆ. ಹೇಸ್ಟಿ, ಇಂಪೆಚುವಸ್, ರ‍್ಯಾಷ್, ಪ್ರಿಸಿಪಿಟೇಟ್, ಯಾವುದೇ ಬರಲಿ, ದುಡುಕು ಎಂದು ಬರೆದು ಮುಂದೆ ಸಾಗುತ್ತಾರೆ. ಈ ಮಾತುಗಳು ಒಂದೇ ದೋಷದ ನಾಲ್ಕು ಹೆಸರುಗಳಲ್ಲವೆಂಬುದನ್ನು ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ.

ಹೇಸ್ಟಿ ಎಂಬುದರಲ್ಲಿ ಮುಖ್ಯವಾದುದು ಕಾಲದ ಅಭಾವ. ರೈಲಿಗೆ ಹೊರಟವನು ಅವಸರದಲ್ಲಿ ಎರಡು ತುತ್ತು ಉಂಡರೆ ಅದೂ ಹೇಸ್ಟಿ ಊಟವೇ. ಅದರಲ್ಲಿ ತಪ್ಪೇನೂ ಇಲ್ಲ. ಇಂಪೆಚುವಸ್ ಎಂಬುದು ಸ್ವಭಾವವನ್ನು ಹೇಳುತ್ತದೆ. ಮೇಲೆ ಬಿದ್ದು ನುಗ್ಗುವುದೆಂಬ ಅರ್ಥದ ಲ್ಯಾಟಿನ್ ಮಾತು ಅದರ ಮೂಲ. ಹುಡುಗರ ವಿಷಯದಲ್ಲಿ ಈ ಮಾತನ್ನಾಡುವಾಗ ಹಿರಿಯರ ದನಿಯಲ್ಲಿ ಅಷ್ಟಿಷ್ಟು ಮೆಚ್ಚುಗೆಯೂ ಸೇರಿರುವುದುಂಟು.

ತೊಡಕು ಇರುವುದು ರ‍್ಯಾಷ್ ಎಂಬಲ್ಲಿ. ಇದರ ಬಳಗಕ್ಕೆ ಸೇರಿದ ಜರ್ಮನ್ ಮಾತಿಗೆ ಇಂದಿಗೂ ಬರಿಯ ‘ಬೇಗ’ ಎಂದೇ ಅರ್ಥ. ಇಂಗ್ಲಿಷಿನಲ್ಲಾದರೋ ವೇಗದ ಅರ್ಥವು ಹಿಂದೆ ಸರಿದು ಅಪಾಯದ ಅರ್ಥವು ಮುಂದೆ ಬಂದಿದೆ. 1860ರ ಭಾರತೀಯ ದಂಡಸಂಹಿತೆಗೆ 1870ರಲ್ಲಿ ಸೇರಿಸಿದ 304ಎ ಕಲಮು ರ‍್ಯಾಷ್ ಅಥವಾ ನೆಗ್ಲಿಜೆಂಟ್ ಆದ ಕೃತ್ಯದಿಂದ ಮರಣವುಂಟುಮಾಡುವುದನ್ನು ಅಪರಾಧವೆಂದಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ಎರಡು ಮಾತುಗಳನ್ನು ಉಳಿಸಿಕೊಂಡಿದೆ. 1872ರಲ್ಲಿ ಮದರಾಸಿನ ಹೈಕೋರ್ಟಿನ ನ್ಯಾಯಮೂರ್ತಿ ಹಾಲೊವೇ ಅವರು ಇವೆರಡನ್ನೂ ಬೇರ್ಪಡಿಸಿ ತೋರಿಸಿದರು. ಅವರ ವಿವರಣೆಯ ಸಾರವಿಷ್ಟು: ಕೇಡಾಗಬಹುದೆಂದು ತಿಳಿದಿದ್ದೂ, ಆಗಲಾರದೆಂಬ ಭರವಸೆಯ ಮೇಲೆ ನಡೆಯುವವನು ರ‍್ಯಾಷ್; ವಹಿಸಬೇಕಾದ ಎಚ್ಚರವನ್ನು ವಹಿಸದೆ, ಕೇಡಿನ ಅರಿವೇ ಇಲ್ಲದೆ ನಡೆಯುವವನು ನೆಗ್ಲಿಜೆಂಟ್. ತಿರುವಿನಾಚೆ ಗಾಡಿ ಬರಬಹುದೆಂದು ಬಲ್ಲವನು, ಈ ಹೊತ್ತಿನಲ್ಲಿ ಯಾರು ಬಂದಾರು ಎಂದು ಬದಿ ತಪ್ಪಿ ವಾಹನವನ್ನು ನಡೆಸಿದರೆ, ಅವನು ನಿಧಾನವಾಗಿ ನಡೆಸಿದರೂ ರ‍್ಯಾಷೇ. ನಮ್ಮ ಪತ್ರಿಕೆಗಳಲ್ಲಿಯೂ ಪೋಲೀಸು ಕಾಗದಗಳಲ್ಲಿಯೂ ಇದು ‘ಅತಿವೇಗ ಮತ್ತು ಅಜಾಗರೂಕತೆ’ ಆಗಿ ಕುಳಿತುಬಿಟ್ಟಿದೆ. ನಾನು ವೇಗವಾಗಿ ಹೋಗಲಿಲ್ಲವೆಂದು ಆರೋಪಿಯು ಹೇಳಿದರೆ ಕನ್ನಡದ ಮಾತಿಗೆ ಉತ್ತರವಾಯಿತು, ಕಾನೂನಿನ ಮಾತಿಗೆ ಆಗಲಿಲ್ಲ. ವಿಚಿತ್ರವೆಂದರೆ, ಇದಕ್ಕೆ ಒಪ್ಪಬಹುದಾಗಿದ್ದ ‘ಸಾಹಸ’ವನ್ನು ನಾವು ಬಿರುದು ಮಾಡಿಕೊಂಡಿದ್ದೇವೆ. ಹಳೆಯ ಧರ್ಮಶಾಸ್ತ್ರಗಳಲ್ಲಿ ಸಾಹಸವೆಂದರೆ ಬಲಾತ್ಕಾರದ ಅಪರಾಧ.

ಮಾಡುವುದರಲ್ಲಿ ಆತುರವಿರುವಂತೆ ತೀರ್ಮಾನಿಸುವುದರಲ್ಲಿಯೂ ಉಂಟು. ಪ್ರೆಜುಡಿಸ್ ಎಂದರೆ ಅಕ್ಷರಶಃ ಮುಂಚಿತವಾದ ತೀರ್ಪು. ಜೇನ್ ಆಸ್ಟಿನ್ನಳು 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಗೆ ಮೊದಲು ಇಟ್ಟಿದ್ದ ಹೆಸರು ‘ಮೊದಲ ನೋಟದ ಭಾವನೆಗಳು’ ಎಂಬರ್ಥದ್ದು. ಅದರ ನಾಯಕಿ ಎಲಿಜಬೆತ್ ದಡ್ಡಳಲ್ಲ. ಜನರನ್ನು ಅಳೆಯಬಲ್ಲೆನೆಂಬ ಹೆಮ್ಮೆಯವಳು. ಡಾರ್ಸಿಯ ಒಂದು ಬಿರುನುಡಿ ಕಿವಿಗೆ ಬಿದ್ದಮೇಲೆ ಅವನ ವಿರುದ್ಧ ವಿಕಂ ಹೇಳಿದ ಕಥೆಯನ್ನೆಲ್ಲ ವಿಚಾರಿಸದೆ ನಂಬುತ್ತಾಳೆ. ಡಾರ್ಸಿಯ ಕಾಗದವನ್ನು ಮರಳಿ ಮರಳಿ ಓದಿದಾಗಲೇ ಅವಳಿಗೆ ತನ್ನ ತಪ್ಪು ತಿಳಿಯುವುದು. ಇವಳನ್ನು ದುಡುಕಿನವಳೆಂದರೆ ಕಥೆಯೇ ಕೈಬಿಟ್ಟುಹೋಗುತ್ತದೆ. ಪೂರ್ವಗ್ರಹವೆಂಬ ಮಾತೇ ಇಲ್ಲಿ ಸರಿ.

ಇನ್ನು ಪ್ರಿಸಿಪಿಟೇಟ್. ನಾನು ಅಧ್ಯಾಪಕನಾದ ಹೊಸದರಲ್ಲಿ ವಿಜ್ಞಾನ ತರಗತಿಯ ಹುಡುಗನೊಬ್ಬನು, “ಸಾರ್, ಗಾಜಿನ ನಳಿಗೆಯಲ್ಲಿ ತಳಕ್ಕೆ ಬೀಳುವುದೂ ಇದೇ ಮಾತೇ?” ಎಂದು ಕೇಳಿದನು. ಇದು ಸಾಹಿತ್ಯದ ತರಗತಿ ಎಂದು ನಾನು ನಕ್ಕೆನು, ತರಗತಿಯೂ ನಕ್ಕಿತು. ಅವನು ತಲೆ ತಗ್ಗಿಸಿ ಕುಳಿತನು. ಕೆಲವು ವರ್ಷಗಳಾದ ಮೇಲೆ ಬೇರೇನನ್ನೋ ಹುಡುಕುತ್ತ ನಿಘಂಟನ್ನು ತಿರುವಿದಾಗ ಕಂಡಿತು: ತಲೆ ಮುಂದಾಗಿ ಬೀಳುವುದೆಂಬ ಒಂದೇ ಲ್ಯಾಟಿನ್ ಮೂಲದಿಂದ ಆತುರದ ಕೃತ್ಯಕ್ಕೂ, ದ್ರಾವಣದಿಂದ ಬೇರ್ಪಟ್ಟು ತಳಕ್ಕಿಳಿಯುವ ಒತ್ತರಕ್ಕೂ, ಕಡಿದಾದ ಪ್ರಪಾತದ ಹೆಸರಿಗೂ ಮಾತು ಬಂದಿದೆ. ಆ ವೇಳೆಗೆ ಹುಡುಗನು ಕಾಲೇಜು ಬಿಟ್ಟು ಹೋಗಿದ್ದನು.