ಲಾವಣಿಯ ಬ್ಯಾಂಕು, ಪಾಲಿನ ಬ್ಯಾಂಕು

ಶಿಗ್ಗಾಂವದ ನಮ್ಮ ಓಣಿಯಲ್ಲಿ ಚಾಚಾ ಒಬ್ಬರು ಹೊಲಿಗೆಯ ಅಂಗಡಿ ಇಟ್ಟಿದ್ದಾರೆ. ಬಡ್ಡಿ ಕೊಡುವುದೂ ತೆಗೆದುಕೊಳ್ಳುವುದೂ ತಮ್ಮ ಧರ್ಮಕ್ಕೆ ನಿಷಿದ್ಧವೆಂದು ಅವರು ಬ್ಯಾಂಕಿನ ಸಾಲಕ್ಕೆ ಹೋದವರಲ್ಲ. ಇನ್ನೆರಡು ಯಂತ್ರ ಕೊಳ್ಳುವ ಅವರ ಆಸೆ ವರ್ಷಗಳಿಂದ ಹಾಗೆಯೇ ಉಳಿದಿದೆ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿಯೆಂದು ತಿಳಿದು ಒಂದು ದಿನ ಕೇಳಿದರು: “ತಮ್ಮಾ, ಬಡ್ಡಿ ಇಲ್ಲದ ಬ್ಯಾಂಕು ಅದಾವಂತಲ್ಲ, ಅವು ಉಳಿದ ಬ್ಯಾಂಕಿನಂಗ ಚಲೋ ನಡೀತಾವೇನು?” ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ತಿಳಿದುದನ್ನು ಇಲ್ಲಿ ಅರಿಕೆ ಮಾಡುತ್ತೇನೆ.

ನಮ್ಮ ಸೀಮೆಯ ರೈತರಿಗೆ ಈ ವಿಷಯ ತೀರ ಹೊಸದಲ್ಲ. ಹೊಲವನ್ನು ಲಾವಣಿಗೆ ಕೊಟ್ಟವನಿಗೆ ಮಳೆಯಾಗಲಿ ಬಿಡಲಿ, ಗೊತ್ತುಪಡಿಸಿದ ಹಣ ಸಲ್ಲಬೇಕು. ಪಾಲಿಗೆ ಕೊಟ್ಟವನಿಗೆ ಬಂದ ಬೆಳೆಯಲ್ಲಿ ಭಾಗ. ಸಾಮಾನ್ಯ ಬ್ಯಾಂಕು ಲಾವಣಿಯವನಂತೆ. ಇಸ್ಲಾಮೀ ಬ್ಯಾಂಕು ತತ್ತ್ವದಲ್ಲಿ ಪಾಲಿನವನಂತೆ. ಹಣ ಒಬ್ಬರದು, ದುಡಿಮೆ ಇನ್ನೊಬ್ಬರದು, ಲಾಭ ಇಬ್ಬರಿಗೂ. ಇದಕ್ಕೆ ‘ಮುದಾರಬಾ’ ಎಂದು ಹೆಸರು.

ಆದರೆ ಪಾಲಿಗೆ ಕೊಟ್ಟವನು ರಾಶಿಯ ದಿನ ಕಣದಲ್ಲಿ ನಿಲ್ಲಬೇಕು. ಲಾವಣಿಯವನು ಮನೆಯಲ್ಲಿ ಕುಳಿತರೂ ನಡೆದೀತು. ಸಾಲಗಾರನ ಲೆಕ್ಕವನ್ನು ಹೀಗೆ ಕಾಯುವುದು ದುಬಾರಿ. ಆದಕಾರಣ ಇಸ್ಲಾಮೀ ಬ್ಯಾಂಕುಗಳು ಬಹುಮಟ್ಟಿಗೆ ‘ಮುರಾಬಹಾ’ವನ್ನು ಅವಲಂಬಿಸಿವೆ. ಚಾಚಾಗೆ 20,000 ರೂಪಾಯಿಯ ಯಂತ್ರ ಬೇಕೆನ್ನೋಣ. ಬ್ಯಾಂಕು ತಾನೇ ಅದನ್ನು ಕೊಂಡು, 23,000ಕ್ಕೆ ಕಂತುಗಳ ಮೇಲೆ ಅವರಿಗೆ ಮಾರುತ್ತದೆ. ಇದು ಬಡ್ಡಿಯ ಇನ್ನೊಂದು ಹೆಸರಷ್ಟೇ ಎಂದು ಆಕ್ಷೇಪಿಸುವವರುಂಟು. ಕೊಳ್ಳುವುದು, ಮಾರುವುದು ಎಂದು ಕಾಗದಪತ್ರಗಳೂ ಇಮ್ಮಡಿ. ಆದರೂ ಹಣ ಯಂತ್ರಕ್ಕೇ ಹೋಗುತ್ತದೆ, ಬೇರೆಡೆಗೆ ಹರಿಯುವುದಿಲ್ಲ.

ಈಜಿಪ್ತದ ಮಿತ್ ಘಮ್ರ್ ಪಟ್ಟಣದಲ್ಲಿ 1963ರಲ್ಲಿ ಸಣ್ಣ ಉಳಿತಾಯಗಾರರಿಗಾಗಿ ಇಂಥ ಬ್ಯಾಂಕು ಮೊದಲಾಯಿತು. 1975ರಲ್ಲಿ ದುಬೈ ಇಸ್ಲಾಮಿಕ್ ಬ್ಯಾಂಕು ಹುಟ್ಟಿತು. ಥಾರ್ಸ್ಟನ್ ಬೆಕ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಈ ಬ್ಯಾಂಕುಗಳ ವೆಚ್ಚ ಹೆಚ್ಚು. ಆದರೆ ಅವುಗಳ ಸಾಲಗಳ ಗುಣಮಟ್ಟ ಉತ್ತಮ, ಮೂಲಧನವೂ ಹೆಚ್ಚು. ಚಿಹಾಕ್ ಮತ್ತು ಹೆಸ್ಸೆಯವರು 2008ರಲ್ಲಿ ಕಂಡದ್ದು ಇನ್ನೂ ಸ್ವಾರಸ್ಯಕರ: ಸಣ್ಣ ಬ್ಯಾಂಕುಗಳಲ್ಲಿ ಇಸ್ಲಾಮಿಯವು ಗಟ್ಟಿ, ದೊಡ್ಡವುಗಳಲ್ಲಿ ಸಾಮಾನ್ಯದವು ಗಟ್ಟಿ. ಕಣ ದೊಡ್ಡದಾದಂತೆ ಕಾಯುವುದು ಕಷ್ಟವೆಂದೇ ಇದರ ತಾತ್ಪರ್ಯ.

ಹತ್ತಿರದವರು ಕಾದರೆ ಖರ್ಚು ಕಡಿಮೆ ಎಂಬುದಕ್ಕೆ ನಮ್ಮ ನೆರೆಯ ಗದಗ ಜಿಲ್ಲೆಯ ಕಣಗಿನಹಾಳವೇ ಸಾಕ್ಷಿ. ಅಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘ ಸ್ಥಾಪನೆಯಾಯಿತು. ಅದು ಬಡ್ಡಿಯ ಸಂಘವೇ. ಆದರೂ ಕೊಡುವವರು, ಕೊಳ್ಳುವವರು ಒಂದೇ ಊರಿನವರು. ಕಾಯುವವರಿಲ್ಲದಿದ್ದರೆ ಏನಾಗುತ್ತದೆಂಬುದನ್ನು 2019ರಲ್ಲಿ ಬೆಂಗಳೂರು ಕಂಡಿತು. ‘ಹಲಾಲ್’ ಹೂಡಿಕೆಯ ಹೆಸರಿನಲ್ಲಿ ಹಣ ಕೂಡಿಸಿದ ಐ.ಎಂ.ಎ. ಎಂಬ ಸಂಸ್ಥೆ ಕುಸಿದು ಸಾವಿರಾರು ಕುಟುಂಬಗಳು ನೊಂದವು. ಅದು ಬ್ಯಾಂಕೇ ಆಗಿರಲಿಲ್ಲ ಎಂಬುದನ್ನು ಮರೆಯಬಾರದು.

ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಂಗನ್ನು ಪರಿಶೀಲಿಸಬೇಕೆಂದು ರಘುರಾಮ ರಾಜನ್ ಸಮಿತಿ 2008ರಲ್ಲಿ ಸೂಚಿಸಿತ್ತು. ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂಬ ರಿಜರ್ವ್ ಬ್ಯಾಂಕಿನ ತೀರ್ಮಾನ 2017ರಲ್ಲಿ ಹೊರಬಿದ್ದಿತು.

ಇದನ್ನೆಲ್ಲ ಚಾಚಾಗೆ ಹೇಳಿದೆ. “ಅಂದರ ಕಣದಾಗ ನಿಲ್ಲೋರು ಬೇಕು ಅನ್ನು” ಎಂದು ನಕ್ಕರು. ಯಂತ್ರಕ್ಕಾಗಿ ಅವರು ಈಗಲೂ ದುಡ್ಡು ಕೂಡಿಡುತ್ತಿದ್ದಾರೆ. ಬ್ಯಾಂಕಿನ ದಕ್ಷತೆಯನ್ನು ಅಳೆಯುವಾಗ ಅದರ ಬಾಗಿಲ ಹೊರಗೆ ಉಳಿದವರನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನನ್ನ ನಮ್ರ ಅಭಿಪ್ರಾಯ.