ನಾಯಿಗಳಲ್ಲಿ ಪರೋಪಜೀವಿಗಳು: ಮನೆಮದ್ದಿನ ಮಿತಿ ಮತ್ತು ಸರಿಯಾದ ಚಿಕಿತ್ಸೆ

ಶಹಾಪುರ ತಾಲ್ಲೂಕಿನ ವನದುರ್ಗದಂತಹ ಗ್ರಾಮಗಳಲ್ಲಿ ನಾಯಿಯು ಹೊಲ, ಮನೆ ಹಾಗೂ ಕುರಿಹಟ್ಟಿಯ ಕಾವಲುಗಾರ. ಅದರ ಮೈಮೇಲಿನ ಉಣ್ಣೆ ಹುಳುಗಳಿಗೆ (ಉಣುಗು) ಬೇವಿನ ಎಣ್ಣೆ, ಸೀಮೆಎಣ್ಣೆ, ತಂಬಾಕಿನ ಕಷಾಯ, ಕೆಲವೊಮ್ಮೆ ಹತ್ತಿಗೆ ಸಿಂಪಡಿಸಿ ಉಳಿದ ಕೀಟನಾಶಕವನ್ನೂ ಹಚ್ಚುವುದುಂಟು. ಇವೆಲ್ಲವೂ ಸಮಾನವಲ್ಲ ಎಂಬುದನ್ನು ರೈತ ಬಾಂಧವರು ಅರಿಯಬೇಕು.

ಯಾವುದು ಅಪಾಯಕಾರಿ?
ಬೇವಿನ ಎಣ್ಣೆಯು ಉಣ್ಣೆಗಳನ್ನು ಸ್ವಲ್ಪಮಟ್ಟಿಗೆ ದೂರವಿಡಬಹುದು. ತೀವ್ರ ಬಾಧೆಗೆ ಅದು ಸಾಲದು. ಸೀಮೆಎಣ್ಣೆಯಿಂದ ಚರ್ಮ ಸುಡುತ್ತದೆ. ತಂಬಾಕಿನ ನಿಕೋಟಿನ್ ವಿಷಕಾರಿ. ಮೊನೊಕ್ರೊಟೊಫಾಸ್‌ನಂತಹ ಬೆಳೆ ಕೀಟನಾಶಕಗಳು ಚರ್ಮದ ಮೂಲಕವೇ ದೇಹ ಸೇರಿ ಪ್ರಾಣ ತೆಗೆಯಬಲ್ಲವು. ಜೊಲ್ಲು ಸುರಿಯುವುದು, ವಾಂತಿ, ನಡುಕ, ಕಣ್ಣಿನ ಪಾಪೆ ಕಿರಿದಾಗುವುದು ಇದರ ಲಕ್ಷಣಗಳು. ಇಂತಹ ಸಂದರ್ಭದಲ್ಲಿ ಕೈಗವಸು ಧರಿಸಿ, ಸಾಬೂನು ಹಾಗೂ ಹೆಚ್ಚು ನೀರಿನಿಂದ ನಾಯಿಯ ಮೈ ತೊಳೆದು, ಕೀಟನಾಶಕದ ಬಾಟಲಿಯೊಂದಿಗೆ ತಕ್ಷಣ ಪಶು ಆಸ್ಪತ್ರೆಗೆ ಒಯ್ಯಬೇಕು.

ಉಣ್ಣೆ ಮರಳಿ ಬರುವುದೇಕೆ?
ರಕ್ತ ಹೀರಿದ ಹೆಣ್ಣು ಉಣ್ಣೆಯು ಕೆಳಗುದುರಿ, ಗೋಡೆಯ ಬಿರುಕುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಆದ್ದರಿಂದ ಪಶುವೈದ್ಯರು ಸೂಚಿಸಿದ ಫಿಪ್ರೊನಿಲ್ ಮುಂತಾದ ಔಷಧವನ್ನು ನಿಗದಿತ ಅಂತರದಲ್ಲಿ ಬಳಸುವುದರ ಜೊತೆಗೆ ನಾಯಿ ಮಲಗುವ ಸ್ಥಳವನ್ನು ಸ್ವಚ್ಛಗೊಳಿಸಿ ಬಿರುಕುಗಳನ್ನು ಮುಚ್ಚಬೇಕು. ಜ್ವರ, ಬಿಳಿಚಿದ ವಸಡು, ಮೂಗಿನಿಂದ ರಕ್ತಸ್ರಾವ ಕಂಡುಬಂದರೆ ಉಣ್ಣೆಯಿಂದ ಹರಡುವ ರೋಗವಿರಬಹುದು, ರಕ್ತಪರೀಕ್ಷೆ ಅಗತ್ಯ.

ಹೊಟ್ಟೆಯ ಹುಳುಗಳು
ತಾಯಿಯ ಗರ್ಭದಲ್ಲಿಯೇ ಮರಿಗೆ ದುಂಡುಹುಳು ತಗುಲಬಹುದು. ಬೇವಿನ ರಸ ಕುಡಿಸಿ ಕಾಯುವುದು ಸರಿಯಲ್ಲ. ಬೆಳ್ಳುಳ್ಳಿಯು ನಾಯಿಯ ಕೆಂಪು ರಕ್ತಕಣಗಳಿಗೆ ಹಾನಿಕರ. ಮರಿಗಳಿಗೆ 2 ವಾರಗಳ ವಯಸ್ಸಿನಿಂದಲೇ 15 ದಿನಗಳಿಗೊಮ್ಮೆ, ವಯಸ್ಕ ನಾಯಿಗಳಿಗೆ ಸಾಮಾನ್ಯವಾಗಿ 3 ತಿಂಗಳಿಗೊಮ್ಮೆ, ದೇಹತೂಕಕ್ಕೆ ಅನುಗುಣವಾಗಿ ಜಂತುನಾಶಕ ಕೊಡಿಸಬೇಕು. ಕುರಿಗೆ ತಂದ ಔಷಧವನ್ನು ಅಂದಾಜಿನಿಂದ ನಾಯಿಗೆ ಕುಡಿಸಬಾರದು.

ಕುರಿಗಾರರ ಗಮನಕ್ಕೆ
ಸತ್ತ ಕುರಿಯ ತಲೆ, ಶ್ವಾಸಕೋಶ, ಯಕೃತ್ತುಗಳನ್ನು ಹಸಿಯಾಗಿ ತಿಂದ ನಾಯಿಯಲ್ಲಿ ಲಾಡಿಹುಳುಗಳು ಬೆಳೆಯುತ್ತವೆ. ಅದರ ಮಲದಲ್ಲಿನ ಮೊಟ್ಟೆಗಳು ಮೇವು, ನೀರಿನ ಮೂಲಕ ಕುರಿಯನ್ನು ಸೇರಿದಾಗ ಮಿದುಳಿನಲ್ಲಿ ನೀರುಗುಳ್ಳೆ ಬೆಳೆದು, ಕುರಿ ಒಂದೇ ಕಡೆ ಸುತ್ತಿ ಸಾಯಬಹುದು. ಇನ್ನೊಂದು ಬಗೆಯ ಲಾಡಿಹುಳು ಮನುಷ್ಯರ ಯಕೃತ್ತಿನಲ್ಲಿಯೂ ಗುಳ್ಳೆ ಉಂಟುಮಾಡುತ್ತದೆ. ಇದಕ್ಕೆ ಮನೆಮದ್ದಿಲ್ಲ. ಆದುದರಿಂದ ಸತ್ತ ಕುರಿಯನ್ನು ಆಳವಾಗಿ ಹೂಳಬೇಕು. ವೈದ್ಯರ ಸಲಹೆಯಂತೆ ನಾಯಿಗೆ ಪ್ರಾಜಿಕ್ವಾಂಟೆಲ್ ಕೊಡಿಸಬೇಕು. ನಾಯಿಯನ್ನು ಮುಟ್ಟಿದ ಮಕ್ಕಳು ಊಟಕ್ಕೆ ಮುನ್ನ ಕೈ ತೊಳೆಯಬೇಕು. ಕುರಿಗಳಿಗೆ ಜಂತುನಾಶಕ ಕುಡಿಸುವ ದಿನವೇ ಹಟ್ಟಿಯ ನಾಯಿಗೂ ಅದರದೇ ಔಷಧ ಕೊಡಿಸುವ ರೂಢಿ ಮಾಡಿಕೊಂಡರೆ ನಾಯಿ, ಕುರಿ, ಕುಟುಂಬ ಮೂರಕ್ಕೂ ರಕ್ಷಣೆ ದೊರೆಯುತ್ತದೆ.